ಗಡಿಗೆಗೆ ಒಂದು ಮೊಳ ಮುಂದೆ

ಪೆದ್ದಕಡುಬೂರು
18 ಆಗಸ್ಟ್ 2024

ಅಣ್ಣನಿಗೆ ಜ್ಯೋತಿಯ ನಮಸ್ಕಾರ.

ತಿಂಗಳಿಗೊಮ್ಮೆ ಎರಡು ನಿಮಿಷ ಸಿಗುವ ನಿನ್ನ ಫೋನು ಅವ್ವನ ಅಳುವಿಗೇ ಸಾಲದು. ನನ್ನ ಪಾಲಿಗೆ ಕಾಗದವೇ ಗತಿ. ನೀನು ಹಿಮದ ನೆತ್ತಿಯ ಮೇಲೆ ಕೂತು ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗುತ್ತೀ, ಗೊತ್ತು. ನಗು, ಆದರೆ ಪೂರ್ತಿ ಓದು.

ಊರ ಆಚೆ ಇರುವ ಹಳೆಯ ಬೀಜದ ಗೋದಾಮು ನೆನಪಿದೆಯಲ್ಲ? ಅದನ್ನು ನಾನು ಮತ್ತು ಅಂಗನವಾಡಿಯ ಶಂಕರಮ್ಮ ಸೇರಿ ಮಕ್ಕಳ ವಸತಿ ಮಾಡಬೇಕೆಂದಿದ್ದೇವೆ. ಪ್ರತಿ ವರ್ಷ ಡಿಸೆಂಬರ್ ಎರಡನೇ ವಾರ ಬಂತೆಂದರೆ ಅರ್ಧ ಊರು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತದೆ. ಮಕ್ಕಳನ್ನು ಬಿಟ್ಟುಹೋಗಲು ಜಾಗವಿಲ್ಲದೆ ಜೊತೆಗೇ ಕರೆದೊಯ್ಯುತ್ತಾರೆ. ಏಪ್ರಿಲ್‌ನಲ್ಲಿ ತಿರುಗಿ ಬರುವ ಹೊತ್ತಿಗೆ ಅವು ಶಾಲೆಯನ್ನೇ ಮರೆತಿರುತ್ತವೆ. ಕಳೆದ ವರ್ಷ ನನ್ನ ತರಗತಿಯ ಮಂಗಳಾ ಹಾಗೆ ಹೋದವಳು ತಿರುಗಿ ಬರಲೇ ಇಲ್ಲ. ಲೆಕ್ಕದಲ್ಲಿ ಇಡೀ ಶಾಲೆಗೇ ಚುರುಕಾದ ಹುಡುಗಿ. ಈಗ ಅಲ್ಲೇ ಯಾರದೋ ತೋಟದಲ್ಲಿ ಕಾಯಂ ಕೂಲಿ. ಈ ಸಲ ನನ್ನ ಒಂದು ಮಗುವನ್ನೂ ಬಿಟ್ಟುಕೊಡುವುದಿಲ್ಲ ಎಂದು ಹಟ ಹಿಡಿದಿದ್ದೇನೆ.

ಗೋದಾಮಿಗೆ ಗೋಡೆ ಇದೆ, ಚಾವಣಿ ಇಲ್ಲ. ಮೇ ತಿಂಗಳ ಗಾಳಿಗೆ ತಗಡು ಹಾರಿಹೋಯಿತು. ಅಕ್ಕಿ, ಒಲೆ, ಹಾಸಿಗೆ ಏನೂ ಇಲ್ಲ. ಕೈಯೊಡ್ಡಿ ಕೇಳುತ್ತ ತಿರುಗುವುದು ನನಗಾಗದು. ಅದಕ್ಕೆ ಒಂದು ಪಂದ್ಯ ಯೋಚಿಸಿದ್ದೇನೆ: ಕವಣೆ ಪಂದ್ಯ. ಕೊಡುವವರು ತಾವು ಕೊಡುವುದನ್ನು ಒಂದೊಂದು ಗಡಿಗೆಯ ಮೇಲೆ ಬರೆಯಬೇಕು. ನಮ್ಮ ಕುರಿ ಕಾಯುವವರು ದೂರದಿಂದ ಕವಣೆ ಬೀಸಿ ಆ ಗಡಿಗೆ ಒಡೆಯಬೇಕು. ಒಡೆದರೆ ಅದು ಮಕ್ಕಳದು. ಒಡೆಯದಿದ್ದರೆ ಕೊಡುವವರು ನಕ್ಕು ಮನೆಗೆ ಹೋಗಬಹುದು. ಆದೋನಿಯ ಹತ್ತಿ ಮಿಲ್ಲಿನ ಬಾಲರಾಜ್ ಆಗಲೇ ಒಂದು ಗಡಿಗೆಯ ಮೇಲೆ "ಇಡೀ ಚಾವಣಿ" ಎಂದು ತೆಲುಗಿನಲ್ಲಿ ಬರೆದುಕೊಟ್ಟಿದ್ದಾನೆ.

ನೀನು ಪಟಾಲಮ್ಮಿಗೇ ಮೊದಲನೇ ಗುರಿಕಾರ. ದೂರ ಎಷ್ಟಿರಬೇಕು, ನಿಯಮ ಏನಿರಬೇಕು, ಬರೆದು ಕಳಿಸು. ಅಪ್ಪನಿಗೆ ನೀನು ಬರೆದದ್ದೆಂದು ಹೇಳುವುದೋ ಬೇಡವೋ, ಅದನ್ನೂ ಬರೆ.

ನಿನ್ನ ಹಟಮಾರಿ ತಂಗಿ,
ನಾಗಜ್ಯೋತಿ

*

ಸೇನಾ ಅಂಚೆ ಮೂಲಕ
4 ಸೆಪ್ಟೆಂಬರ್ 2024

ಪ್ರೀತಿಯ ಜ್ಯೋತಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಇಲ್ಲಿ ಓದಲು ಬೇರೇನೂ ಇಲ್ಲ ಎಂಬುದೂ ಒಂದು ಕಾರಣ, ಹಿಗ್ಗಬೇಡ.

ನಿಯಮ ಇಷ್ಟೇ. ಮೊದಲ ಗಡಿಗೆ ನಲವತ್ತು ಹೆಜ್ಜೆ, ಕೊನೆಯದು ನೂರು. ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಕೆರೆಯ ಹಿಂದಿನ ಬಯಲು ಒಳ್ಳೆಯದು. ಜನ ಎಲ್ಲರೂ ಕವಣೆಯವರ ಹಿಂದೆ, ಹಗ್ಗದ ಆಚೆ. ಕೆಂಪು ಬಾವುಟ ಇಳಿಯುವ ತನಕ ಯಾರೂ ಗಡಿಗೆಯ ಕಡೆ ಹೋಗಬಾರದು. ಒಬ್ಬರಿಗೆ ಮೂರು ಕಲ್ಲು. ತಾಗಿದರೆ ತಾಗಿತು, ಇಲ್ಲದಿದ್ದರೆ ಇಲ್ಲ. ಹತ್ತಿರ ಬಿತ್ತು, ಸವರಿಕೊಂಡು ಹೋಯಿತು ಎಂಬ ರಿಯಾಯಿತಿ ಬೇಡ. ಗುರಿ ಎಂದರೆ ತಾಗುವುದು. ಕಟ್ಟುನಿಟ್ಟು ಇದ್ದರೇನೇ ದೊಡ್ಡವರು ಗೌರವದಿಂದ ಕೊಡುತ್ತಾರೆ.

ಚಾವಣಿಯ ಗಡಿಗೆಯನ್ನು ನೂರು ಹೆಜ್ಜೆಗೆ ಇಡು. ಅದನ್ನು ಅಪ್ಪನಿಗೇ ಬಿಡು. ಅಪ್ಪ ಬೀಸಿದ ಕಲ್ಲು ಹುಸಿ ಹೋದದ್ದನ್ನು ನಾನು ಕಂಡಿಲ್ಲ. ಎಂಟುನೂರು ಮೀಟರಿನಾಚೆಯ ಗುರಿಗೆ ನಾನು ಹೊಡೆಯುತ್ತೇನೆ, ಆದರೆ ನನ್ನ ಬಳಿ ದುರ್ಬೀನು ಇದೆ, ಗಾಳಿ ಅಳೆಯುವ ಯಂತ್ರ ಇದೆ. ಅವನ ಬಳಿ ಉಣ್ಣೆಯ ಹುರಿ ಮಾತ್ರ.

ನಾನು ಬರೆದದ್ದೆಂದು ಹೇಳಬೇಡ. ಫೋನಿಗೇ ಬರದವನು ನನ್ನ ನಿಯಮಕ್ಕೆ ಬರುತ್ತಾನೆಯೇ? ಅವ್ವನಿಗೆ ನಾನು ಹೊಟ್ಟೆ ತುಂಬಾ ಉಣ್ಣುತ್ತಿದ್ದೇನೆಂದು ಹೇಳು.

ನಿನ್ನ ಅಣ್ಣ,
ಸುಂಕೇಶ

*

ಪೆದ್ದಕಡುಬೂರು
8 ಅಕ್ಟೋಬರ್ 2024

ಅಣ್ಣ,

ಕ್ಷೇಮ ಸಮಾಚಾರ ಆಮೇಲೆ. ನನಗೆ ಸಿಟ್ಟು ಬಂದಿದೆ, ಯಾರ ಮೇಲೆ ಎಂದು ತಿಳಿಯದ್ದರಿಂದ ನಿನ್ನ ಮೇಲೆಯೇ ಕಾರಿಕೊಳ್ಳುತ್ತೇನೆ.

ಭಾನುವಾರ ಪಂದ್ಯ ಆಯಿತು. ಜನ ಬಂದದ್ದನ್ನು ನೀನು ನೋಡಬೇಕಿತ್ತು. ಕೋಸಗಿಯಿಂದ, ಪೆದ್ದಹರಿವಾಣದಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದಿದ್ದರು. ಶಂಕರಮ್ಮ ಮಂಡಕ್ಕಿ ಒಗ್ಗರಣೆ ಹಾಕಿ ಸಾಕಾಗಿ, ಮಧ್ಯಾಹ್ನದ ಹೊತ್ತಿಗೆ ಮೆಣಸಿನಕಾಯಿ ಬಜ್ಜಿಗೆ ಇಳಿದಳು. ಹನ್ನೊಂದು ಗಡಿಗೆ ಸುಣ್ಣ ಬಳಿದುಕೊಂಡು ಸಾಲಾಗಿ ಕೂತಿದ್ದವು. ಒಂದರ ಮೇಲೆ ಅಕ್ಕಿ, ಒಂದರ ಮೇಲೆ ಜೋಳ, ಒಂದರ ಮೇಲೆ ನಲವತ್ತೆರಡು ಚಾದರ, ಒಂದರ ಮೇಲೆ ಗ್ಯಾಸ್ ಒಲೆ. ಎಲ್ಲಕ್ಕಿಂತ ದೂರ ಚಾವಣಿ.

ಕವಣೆ ಹಿಡಿದವರು ಹನ್ನೊಂದು ಜನ. ಹರಿವಾಣದ ಕೊಟ್ರಬಸಪ್ಪ, ನಮ್ಮ ಓಣಿಯ ನರಸಣ್ಣ, ಎಲ್ಲ ಹಣ್ಣಾದ ಕೈಗಳು. ಒಬ್ಬೊಬ್ಬರಿಗೆ ಒಂದು ಗಡಿಗೆ, ಮೂರು ಕಲ್ಲು, ಒಟ್ಟು ಮೂವತ್ತಮೂರು. ಅಣ್ಣ, ಒಂದು ಗಡಿಗೆಯೂ ಒಡೆಯಲಿಲ್ಲ. ಒಂದೂ.

ಮೊದಮೊದಲು ಜನ ಅಯ್ಯೋ ಎಂದರು. ಆಮೇಲೆ ನಗಲು ಶುರುಮಾಡಿದರು. ಅಪ್ಪ ಕೊನೆಗೆ ಬಂದ. ಹೊಸ ರುಮಾಲು ಸುತ್ತಿದ್ದ, ಅವ್ವ ನೀಲಿ ಹಾಕಿ ಒಗೆದ ಅಂಗಿ. ಮೂರು ಕಲ್ಲೂ ಗಡಿಗೆಯ ಮುಂದೆ ದೂಳೆಬ್ಬಿಸಿ ಬಿದ್ದವು. ಬಾಲರಾಜ್ ಕೆಟ್ಟವನಲ್ಲ, ಆದರೆ ಮೈಕು ಕೈಯಲ್ಲಿತ್ತು. ಈ ಗಡಿಗೆಯಲ್ಲಿ ಮೊಸರು ಹೆಪ್ಪು ಹಾಕಿದರೂ ಕದಲುತ್ತಿರಲಿಲ್ಲ ಎಂದುಬಿಟ್ಟ. ಬಯಲೆಲ್ಲ ನಕ್ಕಿತು. ನನ್ನ ಮಕ್ಕಳೂ ನಕ್ಕವು, ಏನು ಕಳೆದುಕೊಂಡೆವೆಂದು ತಿಳಿಯದೆ.

ಅಪ್ಪ ಮನೆಗೆ ಬಂದು ಕವಣೆಯನ್ನು ಸುತ್ತಿ ಗೋಡೆಯ ಮಾಡದಲ್ಲಿಟ್ಟ. ಮರುದಿನ ಬರೀ ಕೋಲು ಹಿಡಿದು ಕುರಿಗೆ ಹೋದ. ನಾನು ಎಷ್ಟು ಕೇಳಿದರೂ ಒಂದೇ ಮಾತು: "ಕೈ ಕೇಳಲಿಲ್ಲವ್ವ."

ಪಂದ್ಯದ ದಿನ ಸಂಜೆ ನಾನೂ ಶಂಕರಮ್ಮನೂ ಕಲ್ಲು ಆರಿಸಲು ಹೋದೆವು. ಆ ದರಿದ್ರ ಕಲ್ಲುಗಳು ಅಲ್ಲಿ ಇಲ್ಲಿ ಚೆಲ್ಲಾಡಿರುತ್ತವೆ ಎಂದುಕೊಂಡಿದ್ದೆ. ಎಲ್ಲ ಗಡಿಗೆಗಳ ಮುಂದೆಯೂ, ಒಂದು ಮೊಳ ಈಚೆಗೆ, ಒಂದು ಮೊರದಲ್ಲಿ ಮುಚ್ಚುವಷ್ಟು ಜಾಗದಲ್ಲೇ ಬಿದ್ದ ಗುರುತು. ಅಷ್ಟು ಹತ್ತಿರ ಬಂದು ತಾಗದೆ ಹೋದದ್ದು ನನ್ನ ಹೊಟ್ಟೆ ಇನ್ನಷ್ಟು ಉರಿಸಿತು.

ಡಿಸೆಂಬರಿಗೆ ಎರಡು ತಿಂಗಳೂ ಇಲ್ಲ. ಮಕ್ಕಳ ತಂದೆತಾಯಿಗೆ ಏನು ಹೇಳಲಿ? ಗಡಿಗೆಗಳನ್ನು ಗೋದಾಮಿನಲ್ಲಿ ಜೋಡಿಸಿಟ್ಟಿದ್ದೇನೆ. ನೋಡಿದಾಗಲೆಲ್ಲ ನಾನೇ ಒದೆಯಬೇಕೆನಿಸುತ್ತದೆ.

ನಾಗಜ್ಯೋತಿ

*

ಸೇನಾ ಅಂಚೆ ಮೂಲಕ
23 ಅಕ್ಟೋಬರ್ 2024

ಜ್ಯೋತಿ,

ಸಿಟ್ಟು ನನ್ನ ಮೇಲೆಯೇ ಇರಲಿ. ತಪ್ಪು ನನ್ನದು. ಕುರಿ ಕಾಯುವವನ ಮಗನಾಗಿ ಬಂದೂಕಿನವನ ನಿಯಮ ಬರೆದೆ.

ಒಂದು ಮೊಳ ಈಚೆಗೆ ಎಂದು ನೀನು ಬರೆದ ಸಾಲು ಓದುತ್ತಲೇ ನನಗೆ ಎಲ್ಲ ತಿಳಿಯಿತು. ಹೆಣ್ಣುಮಕ್ಕಳ ಕೈಗೆ ನಮ್ಮಲ್ಲಿ ಕವಣೆ ಕೊಡುವುದಿಲ್ಲ, ಹಾಗಾಗಿ ನಿನಗೆ ಗೊತ್ತಾಗಿರಲಿಕ್ಕಿಲ್ಲ. ಕುರಿಗೆ ಕಲ್ಲು ಹೊಡೆಯುವುದಿಲ್ಲ ಜ್ಯೋತಿ. ಅದರ ಮೂತಿಯ ಮುಂದೆ ಒಂದು ಮೊಳಕ್ಕೆ ಕಲ್ಲು ಬೀಳಿಸಬೇಕು. ದೂಳು ಎದ್ದರೆ ಕುರಿ ಬೆದರಿ ತಿರುಗುತ್ತದೆ, ಮಂದಿಯ ಹೊಲಕ್ಕೆ ಬಾಯಿ ಹಾಕುವುದಿಲ್ಲ. ತಾಗಿತೋ, ಕಾಲು ಮುರಿಯುತ್ತದೆ. ಕುರಿಯ ಕಾಲು ಮುರಿದವನು ಕವಣೆ ಕೆಳಗಿಟ್ಟು ಒಂದು ವರ್ಷ ಮುಟ್ಟಬಾರದು. ಆ ಹನ್ನೊಂದು ಜನ ಬುದ್ಧಿ ಬಂದಾಗಿನಿಂದ ತಾಗಬಾರದು ಎಂದೇ ಕಲ್ಲು ಬೀಸಿದವರು. ಎದುರಿಗೆ ಏನು ಕಂಡರೂ ಅವರ ಕೈ ಒಂದು ಮೊಳ ಬಿಟ್ಟುಕೊಳ್ಳುತ್ತದೆ. ಪ್ರತಿ ಗಡಿಗೆಯ ಮುಂದೆ ಮೂರಕ್ಕೆ ಮೂರೂ ಕಲ್ಲು ಮೊರದಷ್ಟು ಜಾಗದಲ್ಲಿ! ಇಲ್ಲಿ ನಮ್ಮ ಸಾಹೇಬರಿಗೆ ಹೇಳಿದರೆ ನಂಬಲಿಲ್ಲ. ಅವರೆಲ್ಲ ಗೆದ್ದಿದ್ದರು, ಸೋತದ್ದು ನನ್ನ ನಿಯಮ.

ಇದು ನನಗೆ ಹೇಗೆ ಗೊತ್ತು ಎಂದರೆ, ನನಗೆ ಅದು ಬರಲೇ ಇಲ್ಲ. ಹತ್ತು ವರ್ಷದವನಿದ್ದಾಗ ಒಂದೇ ಸುಗ್ಗಿಯಲ್ಲಿ ಮೂರು ಕುರಿಗಳಿಗೆ ಹೊಡೆದೆ. ಮುಂದೆ ಬೀಳಿಸಬೇಕೆಂದು ಬೀಸಿದರೂ ಹೋಗಿ ತಾಗುತ್ತಿತ್ತು. ಮೂರನೆಯದರ ಕಾಲು ಮುರಿದ ದಿನ ಅಪ್ಪ ನನ್ನ ಕೈಯಿಂದ ಕವಣೆ ಕಸಿದುಕೊಂಡ. ಬೈಯಲಿಲ್ಲ, ಹೊಡೆಯಲಿಲ್ಲ. ಮರುವಾರ ಆದೋನಿಯ ಹಾಸ್ಟೆಲಿಗೆ ಸೇರಿಸಿ ಬಂದ. ಕೆಲಸಕ್ಕೆ ಬಾರದವನನ್ನು ಹೊರಗೆ ಹಾಕಿದ ಎಂದು ನಾನು ಅಂದಿನಿಂದ ತಿಳಿದುಕೊಂಡಿದ್ದೇನೆ. ಸೈನ್ಯಕ್ಕೆ ಸೇರಿದ್ದು ಅವನಿಗೆ ತೋರಿಸಬೇಕೆಂದೇ. ಇದನ್ನು ಯಾರಿಗೂ ಹೇಳಿರಲಿಲ್ಲ.

ಈ ಕಾಗದವನ್ನು ಅಪ್ಪನಿಗೆ ಓದಿ ಹೇಳು. ನಿಯಮ ಬರೆದವನು ನಾನೆಂದೂ ಹೇಳು. ಕವಣೆಯನ್ನು ಮಾಡದಲ್ಲಿ ಇಡುವಂಥ ತಪ್ಪು ಅವನು ಮಾಡಿಲ್ಲ.

ಸುಂಕೇಶ

*

ಪೆದ್ದಕಡುಬೂರು
19 ನವೆಂಬರ್ 2024

ಅಣ್ಣನಿಗೆ ಸಾವಿರ ನಮಸ್ಕಾರ.

ಅವಸರ ಮಾಡಬೇಡ, ಮೊದಲಿನಿಂದ ಹೇಳುತ್ತೇನೆ.

ನಿನ್ನ ಕಾಗದ ಬಂದ ದಿನ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಓದಿದೆ. ಮೂರು ಕುರಿಗಳ ಮಾತು ಬಂದಾಗ ತಲೆ ತಗ್ಗಿಸಿದ. ನಿನಗೆ ಗೊತ್ತಿದ್ದೂ ಅಂದೇ ಏಕೆ ಹೇಳಲಿಲ್ಲ ಎಂದು ನಾನು ಅಪ್ಪನ ಜೊತೆ ಜಗಳಕ್ಕೆ ನಿಂತೆ. "ಸೋತ ಮ್ಯಾಲ ಹೇಳಿದ್ರ ಅದು ನೆವ ಆಗತೈತಿ" ಅಂದ. ಅವ್ವ ಒಳಗಿನಿಂದಲೇ, ನೆವವೋ ನಿಜವೋ, ಮಕ್ಕಳ ತಲೆಯ ಮೇಲೆ ತಗಡು ಬರುವುದು ಹೇಗೆ ಅದನ್ನು ಹೇಳು ಎಂದಳು. ಅಪ್ಪ ಎದ್ದುಹೋದ. ಸಿಟ್ಟಾದ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಟ್ಟಿಯಿಂದ ಒಂದು ಕುರಿ ಹಿಡಿದು ತಂದ. ಅವ್ವನ ನೀರಿನ ಗಡಿಗೆಯನ್ನು ಬಯಲಲ್ಲಿಟ್ಟು, ಅದರ ಹಿಂದೆ ಒಂದು ಮೊಳ ಬಿಟ್ಟು ಕುರಿಯನ್ನು ಗೂಟಕ್ಕೆ ಕಟ್ಟಿದ. ಮಾಡದಿಂದ ಕವಣೆ ತೆಗೆದುಕೊಂಡು ನಡೆಯುತ್ತ ನಡೆಯುತ್ತ ಬೇವಿನ ಮರದ ತನಕ ಹೋದ. ಒಂದೇ ಕಲ್ಲು. ಗಡಿಗೆ ಚೂರಾಯಿತು, ಕುರಿ ಹಿಂದಕ್ಕೆ ತಿರುಗಿತು.

ಅವನು ಕಲ್ಲು ಬೀಳಿಸಿದ್ದು ಕುರಿಯ ಮೂತಿಯ ಮುಂದೆ ಅಣ್ಣ, ಎಂದಿನಂತೆ. ಗಡಿಗೆ ಅಲ್ಲಿತ್ತು, ಅಷ್ಟೇ.

"ಈಗ ಕರಿ ಅವ್ರನ್ನ" ಅಂದ. ಅವ್ವ ಗಡಿಗೆ ಹೋಯಿತೆಂದು ಬೈಯುತ್ತಲೇ ಕಣ್ಣೊರೆಸಿಕೊಂಡಳು.

ನಾನು ಆದೋನಿಗೆ ಹೋದೆ. ಪ್ರತಿ ಗಡಿಗೆಯ ಹಿಂದೆಯೂ ಒಂದೊಂದು ಕುರಿ ಎಂದಾಗ ಬಾಲರಾಜ್ ಮೊದಲು ಒಪ್ಪಲಿಲ್ಲ. ಧರ್ಮದ ಕೆಲಸದಲ್ಲಿ ಮೂಕಪ್ರಾಣಿ ಸತ್ತರೆ ಆ ಪಾಪ ಯಾರಿಗೆ ಎಂದ. ಅಪ್ಪನ ಮಾತು ಅವನಿಗೆ ಮುಟ್ಟಿಸಿದೆ. ಒಂದು ಕುರಿಗೆ ತಾಗಿದರೂ ಪಂದ್ಯ ಅಲ್ಲಿಗೇ ನಿಲ್ಲುತ್ತದೆ, ಉಳಿದ ಗಡಿಗೆ ಎಲ್ಲ ವಾಪಸ್ಸು, ಅಪ್ಪ ಇನ್ನು ಬದುಕಿರುವ ತನಕ ಕವಣೆ ಮುಟ್ಟುವುದಿಲ್ಲ. ಬಾಲರಾಜ್ ನನ್ನ ಮುಖ ನೋಡಿದ. ಬರುತ್ತೇನೆ ಎಂದ.

ಮೊನ್ನೆ ಭಾನುವಾರ, ಅದೇ ಬಯಲು, ಮೊದಲಿನ ಎರಡರಷ್ಟು ಜನ. ಕುರಿಗಳನ್ನು ಜೋಡಿಸಿದ್ದು ಅಪ್ಪನೇ. ಯಾರೂ ತಮ್ಮ ಕುರಿಯ ಮುಂದೆ ಕಲ್ಲು ಬೀಸುವಂತಿಲ್ಲ, ನೆರೆಯವನ ಕುರಿಯ ಮುಂದೆ ಬೀಸಬೇಕು. "ತನ್ನ ಕುರಿ ಆದ್ರ ಕೈ ಸಸಾರ ಮಾಡತೈತಿ. ಮಂದಿ ಕುರಿ ಆದ್ರ ಎಚ್ಚರ ಇರತೈತಿ" ಎಂದ. ಕೊಟ್ರಬಸಪ್ಪ ತನ್ನ ಮೊಮ್ಮಗಳು ಹಾಲು ಕುಡಿಸಿ ಸಾಕಿದ ಬಿಳಿ ಕುರಿಯನ್ನು ನರಸಣ್ಣನ ಪಾಲಿಗೆ ನಿಲ್ಲಿಸಿದ. ಬೆವರು ಒರೆಸಿಕೊಂಡದ್ದು ಮಾತ್ರ ನರಸಣ್ಣ.

ಮೊದಲ ಕಲ್ಲಿಗೇ ಅಕ್ಕಿಯ ಗಡಿಗೆ ಹೋಯಿತು. ಎರಡನೆಯದು ಜೋಳ. ಚಾದರ, ಒಲೆ, ನೀರಿನ ಡ್ರಮ್ಮು, ಅಡುಗೆಯವರ ಐದು ತಿಂಗಳ ಸಂಬಳ. ಕೆಲವಕ್ಕೆ ಎರಡು ಕಲ್ಲು ಬೇಕಾಯಿತು, ಒಂದಕ್ಕೆ ಮೂರು. ಹತ್ತೂ ಒಡೆದವು, ಹತ್ತು ಕುರಿಗಳೂ ಕಿವಿ ಕೊಡವಿಕೊಂಡು ನಿಂತಿದ್ದವು.

ಆಮೇಲೆ ಅಪ್ಪ. ನೂರು ಹೆಜ್ಜೆ, ಎಡದಿಂದ ಗಾಳಿ. ಎರಡು ಕಲ್ಲು ಸರಿಯಾಗಿ ಬೀಳಲಿಲ್ಲ. ಒಂದು ತುಸು ಬಲಕ್ಕೆ, ಇನ್ನೊಂದು ತುಸು ಎಡಕ್ಕೆ. ಉಳಿದದ್ದು ಒಂದೇ. ಅಪ್ಪ ಕವಣೆ ಕೆಳಗಿಳಿಸಿ ಕುರಿಯ ಹಗ್ಗ ಬಿಚ್ಚಲು ಹೇಳಿದ. ಬಾಲರಾಜ್ ಎದ್ದು ನಿಂತುಬಿಟ್ಟ. ಬಿಚ್ಚಿದರೆ ಕುರಿ ಎಲ್ಲಿಗೆ ನುಗ್ಗುತ್ತದೋ ಯಾರಿಗೆ ಗೊತ್ತು? ಅಪ್ಪ ಮೆಲ್ಲಗೆ ಅಂದ: "ನಿಂತ ಕುರಿಗೆ ನಾನ್ಯಾಕ ಕಲ್ಲು ಒಗೀಲಿ? ಅದು ತಪ್ಪು ದಾರಿ ಹಿಡೀಲಿ, ಅವಾಗ ಒಗೀತೀನಿ."

ಶಂಕರಮ್ಮ ಗಡಿಗೆಯ ಈಚೆಗೆ ಒಂದು ಹಿಡಿ ಹಸಿ ಜೋಳದ ಸೊಪ್ಪು ಹಾಕಿದಳು, ಹಗ್ಗ ಬಿಚ್ಚಿದಳು, ಈಚೆ ಬಂದು ಬಾವುಟ ಏರಿಸಿದಳು. ಕುರಿ ಸುಮ್ಮನೆ ನಿಂತಿತ್ತು. ನಾವೂ ನಿಂತಿದ್ದೆವು. ಸೊಪ್ಪಿನ ವಾಸನೆ ಬಡಿಯಿತೋ ಏನೋ, ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು, ಕತ್ತು ಚಾಚಿತು. ಅಪ್ಪನ ಕೈ ತಿರುಗಿದ್ದು ನನಗೆ ಕಾಣಲಿಲ್ಲ. ಗಡಿಗೆ ಒಡೆದ ಸದ್ದು ಕೇಳಿತು. ಕುರಿ ಗಿರಕ್ಕನೆ ತಿರುಗಿ ದಿಬ್ಬದ ಕಡೆ ಓಡಿತು, ನಾಲ್ಕು ಕಾಲಿನ ಮೇಲೆ.

ಬಾಲರಾಜ್ ನಡೆದುಕೊಂಡೇ ಹೋಗಿ ನೂರು ಹೆಜ್ಜೆ ಎಣಿಸಿದ. ತಿರುಗಿ ಬಂದು ಎಲ್ಲರ ಮುಂದೆ ಅಪ್ಪನ ಬಲಗೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡ. ನಾಳೆಯೇ ತಗಡು ಕಳಿಸುತ್ತೇನೆ ಎಂದ. ಇಂದು ಬಂದಿದೆ, ಸುತ್ತಿಗೆಯ ಸದ್ದಿನ ನಡುವೆ ಇದನ್ನು ಬರೆಯುತ್ತಿದ್ದೇನೆ. ಹೆಮ್ಮೆಯಿಂದ ನನ್ನ ಎದೆ ಒಡೆದುಹೋಗುತ್ತದೇನೋ ಅನ್ನಿಸುತ್ತಿದೆ, ಇಂಥ ಮನೆಯಲ್ಲಿ ಹುಟ್ಟಿದೆನಲ್ಲ ಎಂದು.

ನಿನ್ನ ತಂಗಿ,
ನಾಗಜ್ಯೋತಿ

*

ಸೇನಾ ಅಂಚೆ ಮೂಲಕ
1 ಡಿಸೆಂಬರ್ 2024

ಜ್ಯೋತಿ,

ನಿನ್ನ ಕಾಗದವನ್ನು ಇಲ್ಲಿ ನನ್ನಿಂದ ಹಿಂದಿಯಲ್ಲಿ ಜೋರಾಗಿ ಓದಿಸಿದರು, ಎರಡು ಸಲ. ಒಲೆಯ ಸುತ್ತ ಕೂತ ಹದಿನಾಲ್ಕು ಜನ, ಹದಿನಾಲ್ಕು ಊರಿನವರು. ಹಗ್ಗ ಬಿಚ್ಚಿದ ಜಾಗಕ್ಕೆ ಬಂದಾಗ ಯಾರೂ ಚಹಾ ಕುಡಿಯುತ್ತಿರಲಿಲ್ಲ. ಗುರಿ ಚಲಿಸಲಿ ಎಂದು ಕಾದ ಇಂಥವನು ಯಾರು ಎಂದು ಸಾಹೇಬರು ತಲೆಯಾಡಿಸಿದರು. ನಮ್ಮಪ್ಪ ಎಂದು ನಾನು ಹೇಳಿದೆ. ಇಷ್ಟು ವರ್ಷದಲ್ಲಿ ಇಲ್ಲಿ ಆ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳಿದ್ದು ಇದೇ ಮೊದಲು.

ನೀನು ಎಲ್ಲ ಬರೆದಿದ್ದೀ, ಒಂದನ್ನು ಬಿಟ್ಟಿದ್ದೀ. ನನ್ನ ಕಾಗದ ಕೇಳಿ ಅಪ್ಪ ತಲೆ ತಗ್ಗಿಸಿದ ಎಂದೆ. ಆಮೇಲೆ ನನ್ನ ಬಗ್ಗೆ ಏನಾದರೂ ಅಂದನೇ? ಏನೂ ಅನ್ನದಿದ್ದರೂ ಬರೆ. ಕಾಯುತ್ತಿರುತ್ತೇನೆ.

ಸುಂಕೇಶ

*

ಪೆದ್ದಕಡುಬೂರು
15 ಡಿಸೆಂಬರ್ 2024

ಅಣ್ಣ,

ಏನೂ ಅಂದಿರಲಿಲ್ಲ, ಅದಕ್ಕೇ ಬರೆದಿರಲಿಲ್ಲ. ಈಗ ಬರೆಯಲು ಇದೆ.

ನಿನ್ನೆ ಕೋಸಗಿ ಸ್ಟೇಷನ್ನಿನಿಂದ ನಮ್ಮ ಊರಿನವರು ಗುಂಟೂರಿನ ದಾರಿ ಹಿಡಿದರು. ಮಕ್ಕಳು ಬೀಳ್ಕೊಡುತ್ತೇವೆಂದು ಹಟ ಮಾಡಿದ್ದಕ್ಕೆ ನಲವತ್ತೆರಡನ್ನೂ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋಗಿದ್ದೆ. ಗುಂತಕಲ್ಲಿನ ಗಾಡಿ ಬಂತು. ಗಂಟುಮೂಟೆ, ಗದ್ದಲ, ಅಳು. ಕೊನೆಗಳಿಗೆಯಲ್ಲಿ ಯಾವ ತಾಯಿ ಮನಸ್ಸು ಬದಲಿಸಿ ಕೂಸನ್ನು ಒಳಗೆ ಎಳೆದುಕೊಳ್ಳುವಳೋ ಎಂದು ನನಗೆ ಜೀವ ಹೋಗಿ ಬರುತ್ತಿತ್ತು. ಯಾರೂ ಎಳೆದುಕೊಳ್ಳಲಿಲ್ಲ. ಕಿಟಕಿಯಿಂದ ಕೈ ಬೀಸಿದರು, ಗಾಡಿ ಹೋಯಿತು.

ಮಕ್ಕಳು ಹಳಿಯ ಕಡೆ ನೋಡುತ್ತ ನಿಂತುಬಿಟ್ಟವು. ಆಗ ಅಪ್ಪ ಹಿಂದಿನಿಂದ ಬಂದು, ಕುರಿಗೆ ಮಾಡುವ ಹಾಗೆ ನಾಲಿಗೆಯಲ್ಲಿ ಸದ್ದು ಮಾಡುತ್ತ, ಯಾರನ್ನೂ ಮುಟ್ಟದೆ, ಅತ್ತ ಒಂದು ಹೆಜ್ಜೆ ಇತ್ತ ಒಂದು ಹೆಜ್ಜೆ ಇಡುತ್ತ ಎಲ್ಲವನ್ನೂ ಗೇಟಿನ ಕಡೆ ತಿರುಗಿಸಿದ. ಅಳುತ್ತಿದ್ದವು ನಗಲು ಶುರುಮಾಡಿದವು. ಟ್ರ್ಯಾಕ್ಟರಿನ ಬಳಿ ಎಣಿಸಿದ, ನಲವತ್ತೆರಡು.

ದಾರಿಯಲ್ಲಿ ನನ್ನ ಪಕ್ಕ ಕೂತ. ನೀನು ಕೇಳಿದ್ದನ್ನು ಹೇಳಿದೆ. ಬರೆ ಎಂದ. ಟ್ರ್ಯಾಕ್ಟರಿನ ಕುಲುಕಾಟದಲ್ಲಿ ಬರೆದುಕೊಂಡದ್ದನ್ನು ಒಂದು ಮಾತೂ ಬಿಡದೆ ಇಳಿಸುತ್ತಿದ್ದೇನೆ:

"ಮೂರು ಕುರಿಗೆ ಅಂವ ಹೊಡದಿದ್ದು ಮೂರೂ ಮುಂಗಾಲಿನ ಗಂಟಿಗೆ. ಒಂದೇ ಜಾಗ. ಹತ್ತು ವರ್ಷದ ಕೂಸು, ಓಡೋ ಕುರಿ. ನಮ್ಮ ವಂಶದಾಗ ಅಂಥ ಕೈ ನಾ ನೋಡಿದ್ದಿಲ್ಲ. ಕುರಿ ಹಿಂದ ಬಿಟ್ರ ಆ ಕೈ ಹಾಳಾಗತೈತಿ, ಕುರೀನೂ ಹಾಳಾಗತಾವ ಅಂತ ಕಸಗೊಂಡೆ. ಸಿಟ್ಟಿಗಲ್ಲ. ಓದ್ಲಿ, ಎಲ್ಲರೆ ದೊಡ್ಡ ಜಾಗಕ್ಕ ಹೋಗ್ಲಿ ಅಂತ ಹಾಸ್ಟೆಲಿಗೆ ಹಾಕಿದೆ. ಹೋಗ್ಯಾನ. ಫೋನಿನಾಗ ಅವ್ನ ದನಿ ಕೇಳಿದ್ರ ನನಗ ಮಾತು ಹೊರಡಂಗಿಲ್ಲ, ಅದಕ್ಕ ದೂರ ನಿಲ್ತೀನಿ. ನಿಂತು ಕೇಳ್ತೀನಿ."

ನನಗೆ ಅಕ್ಷರ ಕಾಣದಂತಾಯಿತು. ಇಪ್ಪತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಏಕೆ ಕೂತೆ, ಅವನಿಗೆ ಒಂದು ಮಾತು ಹೇಳಬಾರದಿತ್ತೇ ಎಂದು ಜಬರಿಸಿದೆ.

ಅಪ್ಪ ನನ್ನನ್ನು ಆಶ್ಚರ್ಯದಿಂದ ನೋಡಿದ.

"ಅಂವ ಕೇಳಿದ್ದಿಲ್ಲವ್ವ" ಅಂದ.

ನಿನ್ನ ತಂಗಿ,
ನಾಗಜ್ಯೋತಿ